ಮುಖಾಮುಖಿ ಹೇಳಿದ ಮಾತು
(ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ, ಜೂನ್ 29)



ಅನೇಕ ಸಂತರಿಗೆ ಒಂದೊಂದು ದಿನವನ್ನು ಮೀಸಲಿಡುವ ನಮ್ಮ ಧರ್ಮಸಭೆ, ತನ್ನ ಇಬ್ಬರು ಮಹಾನ್ ಪ್ರೇಷಿತರನ್ನು ಇಂದು ಒಟ್ಟಿಗೇ ಕೊಂಡಾಡುತ್ತದೆ. ಪೇತ್ರರ ಕೈಯಲ್ಲಿ ಬೀಗದ ಕೈ, ಪೌಲರ ಕೈಯಲ್ಲಿ ಖಡ್ಗ. ಒಬ್ಬರು ಗಲಿಲೇಯದ ಬೆಸ್ತರು, ಇನ್ನೊಬ್ಬರು ತಾರ್ಸದ ವಿದ್ಯಾವಂತರು. ಒಬ್ಬರು ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದವರು, ಇನ್ನೊಬ್ಬರು ಯೇಸುವಿನ ಮಂದೆಯನ್ನೇ ಹಿಂಸಿಸಿದವರು. ಚಕ್ರವರ್ತಿ ನೀರೋನ ಕಾಲದಲ್ಲಿ ಇಬ್ಬರೂ ರೋಮಿನಲ್ಲಿ ರಕ್ತಸಾಕ್ಷಿಗಳಾದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ.

ಇಷ್ಟನ್ನು ನಾವು ಪ್ರತಿವರ್ಷವೂ ಕೇಳುತ್ತೇವೆ. ಆದರೆ ಈ ಇಬ್ಬರ ನಡುವೆ ಒಮ್ಮೆ ಬಹಿರಂಗವಾಗಿಯೇ ಜಗಳವಾಗಿತ್ತು ಎಂಬುದನ್ನು ಹಬ್ಬದ ದಿನ ಹೇಳುವುದು ಕಡಿಮೆ. ಪವಿತ್ರ ಬೈಬಲ್ ಅದನ್ನು ಮುಚ್ಚಿಟ್ಟಿಲ್ಲ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲರೇ ಅದನ್ನು ಬರೆದಿಟ್ಟಿದ್ದಾರೆ.

ನಡೆದದ್ದು ಅಂತಿಯೋಕ್ಯದಲ್ಲಿ. ಯೇಸುವಿನ ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದ ಊರು ಅದು. ಅಲ್ಲಿ ಯೆಹೂದ್ಯರಿಂದ ಬಂದ ವಿಶ್ವಾಸಿಗಳೂ ಅನ್ಯಜನರಿಂದ ಬಂದ ವಿಶ್ವಾಸಿಗಳೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು. ಅಲ್ಲಿಗೆ ಬಂದ ಪೇತ್ರರೂ ಅವರೊಡನೆ ಕುಳಿತು ಊಟ ಮಾಡಿದರು. ಅಷ್ಟರಲ್ಲಿ ಜೆರುಸಲೇಮಿನ ಯಕೋಬರ ಕಡೆಯಿಂದ ಕೆಲವರು ಬಂದರು. ಸುನ್ನತಿಯ ಪಕ್ಷದವರು ಏನೆಂದುಕೊಳ್ಳುವರೋ ಎಂಬ ಅಳುಕಿನಿಂದ ಪೇತ್ರರು ಮೆಲ್ಲನೆ ಆ ಊಟದಿಂದ ಹಿಂದೆ ಸರಿದರು. ಅವರನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು. ಕೊನೆಗೆ, ಅನ್ಯಜನರ ನಡುವೆ ಪೌಲರಿಗೆ ಹೆಗಲು ಕೊಟ್ಟು ದುಡಿದಿದ್ದ ಬಾರ್ನಬರೂ ಸರಿದರು.

ಇದಕ್ಕೆ ನಮ್ಮ ಕನ್ನಡದಲ್ಲಿ ಒಂದು ಮಾತಿದೆ: ಪಂಕ್ತಿಭೇದ. ಆ ಪದದ ನೋವು ಎಂಥದೆಂದು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕ್ರಿಸ್ತನ ಹೆಸರಿನಲ್ಲಿ ಹಾಕಿದ ಎಲೆಗಳ ಮುಂದೆ 'ನೀವು ಬೇರೆ, ನಾವು ಬೇರೆ' ಎಂಬ ಗೆರೆ ಬಿತ್ತು. ಪೌಲರು ಸುಮ್ಮನಿರಲಿಲ್ಲ. ಎಲ್ಲರ ಮುಂದೆ, ಪೇತ್ರರ ಎದುರಿಗೇ ನಿಂತು, ನೀವು ಮಾಡಿದ್ದು ತಪ್ಪು ಎಂದು ಹೇಳಿದರು.

ಪ್ರಿಯರೇ, ವಿಶ್ವಾಸಿಗಳ ನಡುವೆ ಭಿನ್ನಾಭಿಪ್ರಾಯ ಬರಬಾರದೆಂದು ಹಾರೈಸುವುದು ಸುಲಭ. ಆದರೆ ಪ್ರೇಷಿತರ ನಡುವೆಯೇ ಬಂದದ್ದು ನಮ್ಮ ನಡುವೆ ಬಾರದೇ? ತೇರಿನ ಲೆಕ್ಕ, ಗಾನವೃಂದದ ಹಾಡು, ಪಾಲನಾ ಸಮಿತಿಯ ಆಯ್ಕೆ, ಪೂಜೆ ಯಾವ ಭಾಷೆಯಲ್ಲಿ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ, ಇವೆಲ್ಲ ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದದ್ದೇ. ಭೇದ ಬಂದಾಗ ನಾವು ಅದನ್ನು ಎಲ್ಲಿ ಹೇಳುತ್ತೇವೆ, ಯಾರಿಗೆ ಹೇಳುತ್ತೇವೆ, ಹೇಳಿದ ಮೇಲೆ ಹೇಗೆ ಬಾಳುತ್ತೇವೆ ಎಂಬುದರಲ್ಲಿ ನಮ್ಮ ಕ್ರೈಸ್ತತ್ವ ತಿಳಿಯುತ್ತದೆ. ಇಂದಿನ ಸಂತರಿಂದ ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು: ಹೇಳುವುದಿದ್ದರೆ ಎದುರಿಗೆ ಹೇಳಬೇಕು.

ಪೌಲರು ಅಂತಿಯೋಕ್ಯದ ಮನೆಮನೆಗೆ ಹೋಗಿ ಪೇತ್ರರ ಬಗ್ಗೆ ಗುಸುಗುಸು ಮಾಡಲಿಲ್ಲ. ಜೆರುಸಲೇಮಿಗೆ ಮೂಗರ್ಜಿ ಬರೆಯಲಿಲ್ಲ. ಅವರು ಎಲ್ಲರ ಮುಂದೆ ಮಾತಾಡಿದ್ದಕ್ಕೂ ಕಾರಣವಿತ್ತು. ಪೇತ್ರರು ಎಲ್ಲರ ಮುಂದೆ ಹಿಂದೆ ಸರಿದಿದ್ದರು, ಅದನ್ನು ನೋಡಿ ಇಡೀ ಸಭೆ ಎರಡಾಗುತ್ತಿತ್ತು. ಪೌಲರ ಸ್ವಂತ ಮಾನ ಅಪಮಾನದ ಪ್ರಶ್ನೆ ಅಲ್ಲಿರಲಿಲ್ಲ. ಶುಭಸಂದೇಶದ ಸತ್ಯದ ಪ್ರಶ್ನೆಯಿತ್ತು. ಆದರೆ ಒಬ್ಬರು ನಮಗೆ ತಪ್ಪು ಮಾಡಿದಾಗ ಪಾಲಿಸಬೇಕಾದ ಕ್ರಮವನ್ನು ಯೇಸುಸ್ವಾಮಿಯೇ ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಕೊಟ್ಟಿದ್ದಾರೆ. ಮೊದಲು ನೀನು ಮತ್ತು ಅವನು, ಇಬ್ಬರೇ. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು.

ನಾವು ಈ ಮೆಟ್ಟಿಲುಗಳನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಊರಿಗೆಲ್ಲ ಹೇಳುತ್ತೇವೆ, ಆಮೇಲೆ ನಾಲ್ಕು ಜನರನ್ನು ಕಟ್ಟಿಕೊಳ್ಳುತ್ತೇವೆ, ತಪ್ಪು ಮಾಡಿದವನಿಗೆ ಮಾತ್ರ ಕೊನೆಯವರೆಗೂ ಹೇಳುವುದಿಲ್ಲ. ಪೂಜೆ ಮುಗಿದ ಮೇಲೆ ದೇವಾಲಯದ ಕಟ್ಟೆಯಲ್ಲಿ ನಡೆಯುತ್ತಿದ್ದ ಮಾತು ಈಗ ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತದೆ. ಕಟ್ಟೆಯ ಮಾತು ಅಲ್ಲಲ್ಲಿಗೇ ಆರಿ ಹೋಗುತ್ತಿತ್ತು; ಫೋನಿನ ಮಾತು ಅರ್ಧ ಗಂಟೆಯಲ್ಲಿ ಮಂಗಳೂರು ದಾಟಿ ದುಬೈ ಮುಟ್ಟುತ್ತದೆ. 'ಇದ್ದದ್ದನ್ನೇ ಹೇಳಿದೆ ಫಾದರ್, ಸುಳ್ಳು ಹೇಳಲಿಲ್ಲವಲ್ಲ' ಎಂದು ಕೆಲವರು ಸಮರ್ಥಿಸಿಕೊಳ್ಳುತ್ತಾರೆ. ಧರ್ಮಸಭೆಯ ಬೋಧನೆ ಇದನ್ನು ಒಪ್ಪುವುದಿಲ್ಲ. ಇಲ್ಲದ್ದನ್ನು ಹೇಳುವುದು ಅಪವಾದ. ಇರುವ ತಪ್ಪನ್ನೇ ಆದರೂ, ಸರಿಯಾದ ಕಾರಣವಿಲ್ಲದೆ, ಅದು ಗೊತ್ತಿಲ್ಲದವರಿಗೆ ಹೇಳುವುದೂ ಪಾಪವೇ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2477) ಕಲಿಸುತ್ತದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2020ರ ಸೆಪ್ಟೆಂಬರಿನಲ್ಲಿ ಇದೇ ಮತ್ತಾಯರ ಅಧ್ಯಾಯವನ್ನು ವಿವರಿಸುತ್ತಾ, ಹರಟೆಮಾತು ಕೋವಿಡ್‌ಗಿಂತಲೂ ಕೆಟ್ಟ ಪಿಡುಗು ಎಂದಿದ್ದರು. ಇಡೀ ಲೋಕ ಆ ರೋಗಕ್ಕೆ ನಡುಗುತ್ತಿದ್ದ ದಿನಗಳಲ್ಲಿ ಹೇಳಿದ ಮಾತು ಅದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 'ಒಬ್ಬರೇ ಹೋಗಿ ಮಾತಾಡಿ' ಎಂಬ ಉಪದೇಶ ಅಪರಾಧಕ್ಕೆ ಹೊದಿಕೆಯಾಗಬಾರದು. ಮಕ್ಕಳಿಗೆ ಕೆಡುಕಾಗಿದ್ದರೆ ಅದು ಇಬ್ಬರ ನಡುವಿನ ಭಿನ್ನಾಭಿಪ್ರಾಯವಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಇಂತಹ ದೂರುಗಳನ್ನು ಧರ್ಮಸಭೆಯ ಅಧಿಕಾರಿಗಳಿಗೂ ತಿಳಿಸುವುದನ್ನು ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಕಡ್ಡಾಯ ಮಾಡಿದರು. ಸಭೆಯ ಮಾನ ಉಳಿಸುವ ಹೆಸರಿನಲ್ಲಿ ಎಳೆಯರ ಬಾಳನ್ನು ಬಲಿಕೊಡುವುದು ಶುಭಸಂದೇಶವಲ್ಲ.

ಎರಡನೆಯದು: ಕೇಳಿಸಿಕೊಳ್ಳುವುದೂ ಪವಿತ್ರತೆಯೇ.

ಪೌಲರ ಮಾತಿಗೆ ಪೇತ್ರರು ಏನೆಂದು ಉತ್ತರಿಸಿದರು? ಬೈಬಲ್ ಹೇಳುವುದಿಲ್ಲ. ಬೀಗದ ಕೈ ಅವರ ಕೈಯಲ್ಲಿತ್ತು. 'ನಾನು ಪ್ರಭುವಿನೊಡನೆ ನಡೆದವನು, ನೀನು ನಿನ್ನೆ ಮೊನ್ನೆ ಬಂದವನು' ಎನ್ನಬಹುದಿತ್ತು. ಹಾಗೆ ಹೇಳಿದರೆಂಬ ಸುಳಿವು ಎಲ್ಲಿಯೂ ಇಲ್ಲ. ಪೇತ್ರರ ಹೆಸರಿನ ಎರಡನೆಯ ಪತ್ರದ ಕೊನೆಯಲ್ಲಿ ಪೌಲರನ್ನು ಪ್ರಿಯ ಸಹೋದರನೆಂದು ಕರೆದಿರುವುದನ್ನು ನಾವು ಓದುತ್ತೇವೆ. ಪೌಲರ ಪತ್ರಗಳಲ್ಲಿ ಕೆಲವು ಮಾತುಗಳು ಅರ್ಥವಾಗುವುದು ಕಷ್ಟ ಎಂದೂ ಅಲ್ಲೇ ಬರೆದಿದೆ! ಭಿನ್ನತೆ ಇದೆ, ಆದರೂ ಪ್ರೀತಿ ಇದೆ.

ಈ ಘಟನೆಯನ್ನು ಕುರಿತೇ ಇಬ್ಬರು ದೊಡ್ಡ ಸಂತರ ನಡುವೆ ಇನ್ನೊಂದು ವಾದ ನಡೆಯಿತು. ಪ್ರೇಷಿತರು ನಿಜವಾಗಿ ಜಗಳವಾಡಿರಲಾರರು, ಇತರರಿಗೆ ಪಾಠವಾಗಲೆಂದು ಹಾಗೆ ನಟಿಸಿರಬೇಕು ಎಂದು ಬೆತ್ಲೆಹೇಮಿನಲ್ಲಿದ್ದ ಸಂತ ಜೆರೋಮರು ಬರೆದಿದ್ದರು. ಆಫ್ರಿಕಾದ ಹಿಪ್ಪೋ ಪಟ್ಟಣದಲ್ಲಿದ್ದ ಸಂತ ಅಗಸ್ಟೀನರು ಇದನ್ನು ಒಪ್ಪಲಿಲ್ಲ. ಪೌಲರು ಬರೆದದ್ದು ನಟನೆಯಾದರೆ ಪವಿತ್ರ ಗ್ರಂಥವನ್ನು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಕ್ರಿ.ಶ. 395ರ ಸುಮಾರಿಗೆ ಅವರು ಬರೆದ ಮೊದಲ ಪತ್ರ ಸಕಾಲದಲ್ಲಿ ಜೆರೋಮರನ್ನು ತಲುಪಲಿಲ್ಲ. ಮತ್ತೆ ಬರೆದ ಪತ್ರವೂ ಬೆತ್ಲೆಹೇಮಿಗೆ ಹೋಗುವ ಬದಲು ಇಟಲಿಯಲ್ಲಿ ಕೈಯಿಂದ ಕೈಗೆ ಸುತ್ತಾಡಿತು. ಯಾರಿಗಾಗಿ ಬರೆದಿತ್ತೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಓದಿದರು. ತನ್ನನ್ನು ಟೀಕಿಸಿದ ಪತ್ರದ ಪ್ರತಿ ಬೇರೆಯವರ ಮೂಲಕ ಕೈಸೇರಿದಾಗ ಜೆರೋಮರ ಮನಸ್ಸು ನೊಂದಿತು. ಇದು ನಿಮ್ಮದೇ ಆದರೆ ನೇರವಾಗಿ ನನಗೇ ಕಳುಹಿಸಿ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು.

ಅಗಸ್ಟೀನರು ತಾವು ನೋಯಿಸಿದ್ದರೆ ಕ್ಷಮಿಸಬೇಕೆಂದು ಬೇಡಿಕೊಂಡರು. ಆದರೆ ತಮಗೆ ಸತ್ಯವೆಂದು ಕಂಡದ್ದನ್ನು ಬಿಟ್ಟುಕೊಡಲಿಲ್ಲ. 405ರ ಸುಮಾರಿಗೆ ಬರೆದ ದೀರ್ಘ ಪತ್ರದಲ್ಲಿ ಒಂದು ಅಪೂರ್ವ ವಿಚಾರ ಹೇಳಿದರು: ತಿದ್ದಿದ ಪೌಲರ ಧೈರ್ಯ ಮೆಚ್ಚತಕ್ಕದ್ದೇ, ಆದರೆ ತಮಗಿಂತ ಹಿಂದೆ ಬಂದವರಿಂದ ತಿದ್ದಿಸಿಕೊಂಡ ಪೇತ್ರರ ನಮ್ರತೆ ಅದಕ್ಕಿಂತಲೂ ಅಪರೂಪದ್ದು. ಆ ಸ್ನೇಹ ಮುರಿಯಲಿಲ್ಲ. 415ರಲ್ಲಿ ಆತ್ಮದ ಉಗಮದ ಕುರಿತು ಕಠಿಣ ಪ್ರಶ್ನೆ ಎದ್ದಾಗ ಅಗಸ್ಟೀನರು ಉತ್ತರ ಕೇಳಿ ಬರೆದದ್ದು ಇದೇ ಜೆರೋಮರಿಗೆ.

ಈ ಪಾಠ ಮೊದಲು ನಮ್ಮಂಥ ಗುರುಗಳಿಗೆ. 1983ರ ಧರ್ಮಸಭೆಯ ಕಾನೂನು ಸಂಹಿತೆ (212) ಹೇಳುವಂತೆ, ಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ಗೌರವದಿಂದ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು. ಲೆಕ್ಕ ಕೇಳಿದವನು ಸಭೆಯ ವೈರಿಯಲ್ಲ. ಎದುರಿಗೆ ಬಂದು ಹೇಳುವವರಿಗೆ ನಾವು ಬಾಗಿಲು ಮುಚ್ಚಿದರೆ ಅವರನ್ನು ಮೂಗರ್ಜಿಯ ದಾರಿಗೆ ನಾವೇ ತಳ್ಳಿದಂತೆ. ಮನೆಗಳಲ್ಲೂ ಹಾಗೆಯೇ. ಅತ್ತೆಯ ಮಾತನ್ನು ಸೊಸೆ ಕೇಳಬೇಕೆನ್ನುತ್ತೇವೆ. ಸೊಸೆಯ ಮಾತಿನಲ್ಲೂ ನ್ಯಾಯವಿರಬಹುದೆಂದು ಅತ್ತೆ ಕೇಳುವ ಮನೆಯಲ್ಲಿ ಶಾಂತಿಯಿರುತ್ತದೆ.

ಮೂರನೆಯದು: ಹೇಳಿದ ಮೇಲೂ ಪಂಕ್ತಿ ಬಿಟ್ಟು ಏಳಬಾರದು.

ಪೌಲರು ಪೇತ್ರರಿಗೆ ಅಪರಿಚಿತರಲ್ಲ. ಮನಪರಿವರ್ತನೆಯ ಕೆಲವು ವರ್ಷಗಳ ನಂತರ ಜೆರುಸಲೇಮಿಗೆ ಹೋಗಿ ಪೇತ್ರರೊಡನೆ ಹದಿನೈದು ದಿನ ಇದ್ದವರು. ತಿದ್ದುವ ಹಕ್ಕು ಬರುವುದು ಇಂತಹ ಬಳಕೆಯಿಂದ. ವರ್ಷವೆಲ್ಲ ಒಬ್ಬರ ಮನೆಯ ಹೊಸ್ತಿಲು ತುಳಿಯದವನು, ಅವರ ತಪ್ಪು ಹೇಳುವ ದಿನ ಮಾತ್ರ ಹೋದರೆ ಯಾರು ಕೇಳುತ್ತಾರೆ? ಇನ್ನೊಂದನ್ನೂ ಗಮನಿಸಿ. ಅಂತಿಯೋಕ್ಯದ ಜಗಳದ ನಂತರವೂ ಪೌಲರು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಗ್ರೀಸಿನ ಸಭೆಗಳಲ್ಲಿ ಹಣ ಸಂಗ್ರಹಿಸಿದರು. ತಮ್ಮನ್ನು ನೋಯಿಸಿದವರು ಬಂದದ್ದು ಆ ಊರಿನಿಂದಲೇ ಎಂದು ಅವರು ಲೆಕ್ಕ ಹಾಕಲಿಲ್ಲ. ನಮ್ಮಲ್ಲಿ ಏನಾಗುತ್ತದೆ? ಮಾತಿಗೆ ಮಾತು ಬೆಳೆದರೆ ಮರುದಿನವೇ ವಂತಿಗೆ ನಿಲ್ಲುತ್ತದೆ, ಭಾನುವಾರ ಪಕ್ಕದ ದೇವಾಲಯಕ್ಕೆ ಹೋಗುತ್ತೇವೆ, ಅವರ ಮನೆಯ ಮದುವೆಗೆ ಹೋಗುವುದಿಲ್ಲ, ಕೊನೆಗೆ ಸಾವಿಗೂ ಹೋಗುವುದಿಲ್ಲ.

ಕೆಲವೊಮ್ಮೆ ಜೊತೆಯಾಗಿ ಕೆಲಸ ಮಾಡಲು ಆಗದೇ ಹೋಗಬಹುದು. ಅದನ್ನೂ ಬೈಬಲ್ ಬಲ್ಲದು. ಯುವಕ ಮಾರ್ಕನನ್ನು ಕರೆದೊಯ್ಯುವ ವಿಷಯದಲ್ಲಿ ಪೌಲರಿಗೂ ಬಾರ್ನಬರಿಗೂ ತೀವ್ರ ವಾಗ್ವಾದವಾಗಿ ಇಬ್ಬರೂ ಬೇರೆ ದಾರಿ ಹಿಡಿದರು. ಬಾರ್ನಬರು ಮಾರ್ಕನೊಡನೆ ಸೈಪ್ರಸ್ಸಿಗೆ, ಪೌಲರು ಸೀಲನೊಡನೆ ಸಿರಿಯಾ ಸಿಲಿಸಿಯಾಗಳಿಗೆ. ಆದರೆ ಇಬ್ಬರೂ ಶುಭಸಂದೇಶವನ್ನೇ ಸಾರಿದರು, ಒಬ್ಬರ ವಿರುದ್ಧ ಒಬ್ಬರು ಸಾರಲಿಲ್ಲ. ಎಷ್ಟೋ ಕಾಲದ ಮೇಲೆ, ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎನ್ನುತ್ತಾರೆ ಪೌಲರು. ಅಂದು ಬೇಡವೆಂದು ಬಿಟ್ಟುಹೋದವನು ಸೆರೆಮನೆಯ ದಿನಗಳಲ್ಲಿ ಬೇಕಾದನು.

ಪ್ರಿಯರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಶಾಂತಿಯನ್ನು ಕೋರುತ್ತೇವೆ. ಅಕ್ಕಪಕ್ಕದಲ್ಲಿ ಇರುವವರಿಗೆ ಕೈಮುಗಿಯುವುದು ಸುಲಭ. ಬೇಕೆಂದೇ ಎರಡು ಸಾಲು ಆಚೆ ಕುಳಿತವರು ಒಬ್ಬರಿರಬಹುದು. ನಾವು ಬರುತ್ತೇವೆಂದು ಬೇರೆ ಪೂಜೆಗೆ ಹೋಗುವವರು ಇರಬಹುದು. ಆ ಒಂದು ಹೆಸರನ್ನು ಮನಸ್ಸಿಗೆ ತಂದುಕೊಳ್ಳಿ. ಪರಮಪ್ರಸಾದದ ಪಂಕ್ತಿ ಒಂದೇ. ಅದರಲ್ಲಿ ಅವರಿಗೂ ನಮಗೂ ಬಡಿಸುವವರು ಕ್ರಿಸ್ತರೊಬ್ಬರೇ. ಈ ವಾರ ಅವರ ಮನೆಗೆ ಒಬ್ಬರೇ ಹೋಗಿ. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ. ಹೇಳಬೇಕಾದದ್ದನ್ನು ತಗ್ಗಿದ ದನಿಯಲ್ಲಿ ಹೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ, ಅವರು ಕೊಟ್ಟ ಕಾಫಿ ಕುಡಿದು ಬನ್ನಿ. ಮಾತು ಬಗೆಹರಿಯದಿದ್ದರೂ ಸರಿ, ದಾರಿ ತೆರೆದಿರುತ್ತದೆ.

ತಿದ್ದುವ ಧೈರ್ಯವನ್ನು ಸಂತ ಪೌಲರಿಂದಲೂ, ತಿದ್ದಿಸಿಕೊಳ್ಳುವ ನಮ್ರತೆಯನ್ನು ಸಂತ ಪೇತ್ರರಿಂದಲೂ ನಾವು ಕಲಿಯುವಂತಾಗಲಿ. ಇಬ್ಬರನ್ನೂ ಒಂದೇ ಪ್ರೀತಿಯಲ್ಲಿ ಬೆಸೆದ ಪ್ರಭು ಯೇಸುಕ್ರಿಸ್ತರು ನಮ್ಮ ಮನೆಗಳನ್ನೂ ಧರ್ಮಕೇಂದ್ರವನ್ನೂ ಹಾಗೆಯೇ ಬೆಸೆಯಲಿ. ಆಮೆನ್.