ಮಳೆಗಾಲದಲ್ಲಿ ಸೋತ ಬಾಚಣಿಗೆ



ಇಂದು ನಾನು ಹೇಳಹೊರಟಿರುವುದು ವಿಫಲವಾದ ಒಂದು ಪ್ರಯೋಗದ ವಿಷಯ.

ಶಾಲಾ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಒಂದು ಆಷಾಢದಲ್ಲಿ ಸೊರಬ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆವು. ಹೊರಗೆ ಜಡಿಮಳೆ; ಒಳಗೆ ಸ್ಥಿರ ವಿದ್ಯುತ್ತಿನ ಪಾಠ. ಮೇಷ್ಟ್ರು ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರು. ಒಂದು ಚೂರೂ ಅಲುಗಲಿಲ್ಲ. ಮತ್ತೆ ಉಜ್ಜಿದರು, ಪ್ರಯೋಜನವಾಗಲಿಲ್ಲ. ಕೊನೆಗೆ, "ಆಕರ್ಷಿಸುತ್ತದೆ ಎಂದು ಬರೆದುಕೊಳ್ಳಿ" ಎಂದರು. ಮಕ್ಕಳು ಬರೆದುಕೊಂಡರು. ಕಣ್ಣು ಕಂಡದ್ದು ಒಂದು, ಕೈ ಬರೆದದ್ದು ಇನ್ನೊಂದು!

ಪ್ರಯೋಗ ಸೋತದ್ದೇಕೆ? ಉಜ್ಜಿದಾಗ ಕೂದಲಿನ ಎಲೆಕ್ಟ್ರಾನುಗಳು ಬಾಚಣಿಗೆಗೆ ದಾಟುತ್ತವೆ. ಬಾಚಣಿಗೆ ಋಣಾವೇಶ ಪಡೆಯುತ್ತದೆ. ಆ ಆವೇಶ ಅಲ್ಲೇ ನಿಲ್ಲಬೇಕಾದರೆ ಮೇಲ್ಮೈ ಒಣಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಎಲ್ಲ ವಸ್ತುಗಳ ಮೇಲೂ ತೇವದ ತೆಳು ಪದರ ಕೂತಿರುತ್ತದೆ. ಆವೇಶ ಅದರ ಮೂಲಕ ಕೈಗೆ, ಕೈಯಿಂದ ನೆಲಕ್ಕೆ ಸೋರಿಹೋಗುತ್ತದೆ. ಸಾಲದ್ದಕ್ಕೆ ತಲೆಗೆ ಕೊಬ್ಬರಿ ಎಣ್ಣೆ ಬೇರೆ.

ನಮ್ಮ ಚಿತ್ರೀಕರಣದ ದೀಪಗಳು ಚೆನ್ನಾಗಿ ಕಾಯುತ್ತಿದ್ದವು. ಬಾಚಣಿಗೆಯನ್ನು ಸೋಪಿನಿಂದ ತೊಳೆದು, ಅದನ್ನೂ ಕಾಗದವನ್ನೂ ಒಂದು ಉಣ್ಣೆಬಟ್ಟೆಯನ್ನೂ ದೀಪದ ಶಾಖಕ್ಕೆ ಹಿಡಿದು ಒಣಗಿಸಿದೆವು. ಉಣ್ಣೆಗೆ ಉಜ್ಜಿದ್ದೇ ತಡ, ಚೂರುಗಳು ಪುಟಪುಟನೆ ನೆಗೆದವು. ಮಕ್ಕಳ ಚಪ್ಪಾಳೆ ಮಳೆಯ ಸದ್ದನ್ನೂ ಮೀರಿಸಿತು. ಮುಂದೊಮ್ಮೆ ಜನವರಿಯಲ್ಲಿ, ಸೊರಬಕ್ಕೆ ಪೂರ್ವದಲ್ಲಿರುವ ಶಿಕಾರಿಪುರದಲ್ಲಿ ಇದೇ ಪ್ರಯೋಗ ಮಾಡಿದಾಗ ದೀಪದ ಹಂಗೇ ಬೇಕಾಗಲಿಲ್ಲ.

ಇನ್ನೊಂದು ಮಾತು. ಆವೇಶವಿಲ್ಲದ ಕಾಗದವನ್ನೂ ಬಾಚಣಿಗೆ ಸೆಳೆಯುತ್ತದೆ. ಆದ್ದರಿಂದ ಆಕರ್ಷಣೆಯನ್ನಷ್ಟೇ ತೋರಿಸಿದರೆ ಪಾಠ ಅರ್ಧವಾಗುತ್ತದೆ. ಎಳನೀರು ಕುಡಿಯುವ ಎರಡು ಪ್ಲಾಸ್ಟಿಕ್ ಕೊಳವೆಗಳನ್ನು ಉಣ್ಣೆಗೆ ಉಜ್ಜಿ, ಒಂದನ್ನು ದಾರದಲ್ಲಿ ತೂಗುಬಿಡಿ. ಇನ್ನೊಂದನ್ನು ಹತ್ತಿರ ತನ್ನಿ. ತೂಗುವ ಕೊಳವೆ ದೂರ ಸರಿಯುತ್ತದೆ. ಎರಡರಲ್ಲೂ ಒಂದೇ ಬಗೆಯ ಆವೇಶವಿದೆ ಎನ್ನುವುದಕ್ಕೆ ಈ ವಿಕರ್ಷಣೆಯೇ ಸಾಕ್ಷಿ. ಹತ್ತಿರ ತಂದಷ್ಟೂ ತಳ್ಳುವಿಕೆ ಬಲವಾಗುವುದನ್ನು ಮಕ್ಕಳೇ ಕಾಣಬಲ್ಲರು. ದೂರ ಇಮ್ಮಡಿಯಾದರೆ ಬಲ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಕೂಲಂಬ್ 1785ರಲ್ಲಿ ಅಳೆದು ತೋರಿಸಿದ.

ಮುಂಗಾರಿಗೆ ಮುನ್ನ ನಮ್ಮ ಗದ್ದೆಗಳ ಮೇಲೆ ಎರಗುವ ಸಿಡಿಲೂ ಮೋಡದಲ್ಲಿ ಕೂಡಿಟ್ಟ ಆವೇಶದ್ದೇ ಆಟ. ಮರಕ್ಕೆ ಹೊಡೆದ ಸಿಡಿಲು ಅಡಿಯಲ್ಲಿ ನಿಂತವರಿಗೂ ಹಾರಬಲ್ಲದು. ತೇವದಲ್ಲಿ ಆವೇಶ ಹರಿಯುವುದನ್ನು ತರಗತಿಯಲ್ಲಿ ಕಣ್ಣಾರೆ ಕಂಡ ಮಗು, ಗುಡುಗು ಕೇಳಿದಾಗ ಮರದಡಿಗೆ ಓಡದೆ ಮನೆಯೊಳಗೆ ಸೇರುತ್ತದೆ. ಅಪ್ಪ ಅಮ್ಮನಿಗೂ ಬುದ್ಧಿ ಹೇಳುತ್ತದೆ.

ಶಿಕ್ಷಕ ಮಿತ್ರರೆ, ಪ್ರಯೋಗ ಸೋತಾಗ ಪುಸ್ತಕದ ಮರೆಗೆ ಹೋಗಬೇಡಿ. "ಏಕೆ ಆಗಲಿಲ್ಲ, ಹೇಳಿ ನೋಡೋಣ" ಎಂದು ಮಕ್ಕಳನ್ನು ಕೇಳಿ. ವಿಜ್ಞಾನದ ಪಾಠ ಶುರುವಾಗುವುದೇ ಅಲ್ಲಿಂದ.