'ಅನಾಯ್' ಮತ್ತು ನಮ್ಮ 'ಉಪದ್ರ'



ಇಂಗ್ಲಿಷಿನ 'ಅನಾಯ್' ಕ್ರಿಯಾಪದದ ಬೇರು ಲ್ಯಾಟಿನ್ ಭಾಷೆಯ 'ದ್ವೇಷ'ದಲ್ಲಿದೆ. ಶತಮಾನಗಳ ಬಳಕೆಯಲ್ಲಿ ಸವೆದು ಈಗ ಅದು ಬರಿಯ ಕಿರಿಕಿರಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಆಡುಮಾತಿನಲ್ಲಿ ಇದಕ್ಕೆ 'ಉಪದ್ರ' ಎನ್ನುತ್ತೇವೆ. ಸಂಸ್ಕೃತದ 'ಉಪದ್ರವ'ದಿಂದ ಬಂದ ಈ ಶಬ್ದ ಸೊಳ್ಳೆಗೂ ಸಲ್ಲುತ್ತದೆ, ಹಟಮಾರಿ ಮಗುವಿಗೂ ಸಲ್ಲುತ್ತದೆ. ಹೆಂಡತಿಗೆ ಹೊಡೆಯುವ ಗಂಡನಿಗೂ ಇದೇ ಶಬ್ದ!

ತೊಡಕು ಇರುವುದು ವರದಿಗಾರನಿಗೆ. 'ಗಂಡನ ಉಪದ್ರ ಜಾಸ್ತಿ' ಎಂದು ಹೆಂಗಸೊಬ್ಬಳು ಹೇಳಿದರೆ ಏನು ಬರೆಯಬೇಕು? 'ಕಿರಿಕಿರಿ' ಎಂದರೆ ಅಪರಾಧವೇ ಮಾಯ. 'ಕಿರುಕುಳ' ಎಂದರೆ ಅದು ಕಾನೂನಿನ ಮಾತು. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಮು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 85ನೇ ಕಲಮು. ಶಿಕ್ಷೆ 3 ವರ್ಷದವರೆಗೆ. ನಿಘಂಟು ಇಲ್ಲಿ ನೆರವಿಗೆ ಬರುವುದಿಲ್ಲ. ಪೆನ್ನು ಕೆಳಗಿಟ್ಟು, 'ಎಂತ ಉಪದ್ರ?' ಎಂದು ಆಕೆಯನ್ನೇ ಕೇಳಬೇಕು.