ಆಲಿಸಲು ಎರಡು ನಿಮಿಷ



ಈ ಶತಮಾನೋತ್ಸವದಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ನಾವು ಮೌನದ ಬಗ್ಗೆ ಮಾತನಾಡಬಯಸುತ್ತೇವೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಲತೀನಿನ ಬಲಿಪೂಜೆ ಕನ್ನಡಕ್ಕೆ ಬಂದಿತು. ದೇವರ ವಾಕ್ಯ ತಾಯ್ನುಡಿಯಲ್ಲೇ ಕಿವಿಗೆ ಬಿತ್ತು. ಅದೇ ಸುಧಾರಣೆಯು ವಾಚನಗಳ ಬಳಿಕ, ಪರಮಪ್ರಸಾದದ ಬಳಿಕ ಮೌನವನ್ನೂ ವಿಧಿಸಿತ್ತೆಂಬುದನ್ನು ಮರೆತೆವು. ಸದಾಶಿವನಗರದಿಂದ ಕುಣಿಗಲ್ ಬಸ್ಸಿಗೆ ಓಡುವ ನಿಮ್ಮದಷ್ಟೇ ಅವಸರವೆನ್ನಲಾರೆವು. ಬಲಿಪೀಠದ ಬಳಿ ನಿಂತ ನಾವೇ ಗಡಿಯಾರ ನೋಡಿ ಆ ಮೌನವನ್ನು ಎಷ್ಟು ಬಾರಿ ನುಂಗಿದ್ದೇವೆ!

ಸರ್ವೇಶ್ವರ ಮೂರು ಬಾರಿ ಕರೆದಾಗಲೂ ಬಾಲಕ ಸಮುವೇಲ ಓಡಿದ್ದು ಯಾಜಕ ಏಲಿಯ ಬಳಿಗೆ. ಕಣ್ಣು ಮಂಜಾದ ಆ ವೃದ್ಧ ಅವನನ್ನು ತನ್ನ ಬಳಿ ಇರಿಸಿಕೊಳ್ಳಲಿಲ್ಲ. ಆಲಿಸೆಂದು ಹಿಂದಕ್ಕೆ ಕಳುಹಿಸಿದ. ಗುರುಗಳ ಕೆಲಸವೂ ಅಷ್ಟೇ.

ಬರುವ ಭಾನುವಾರದಿಂದ ಪರಮಪ್ರಸಾದದ ನಂತರ ಎರಡು ನಿಮಿಷ ಹಾಡೂ ಇಲ್ಲ, ಪ್ರಕಟಣೆಯೂ ಇಲ್ಲ. ಮಕ್ಕಳು ಅತ್ತರೆ ಅಳಲಿ.